ಥಿಂಕ್‌ಪ್ಯಾಡ್ ಟಿ430: ದುಡಿದು ದಣಿದ ಲ್ಯಾಪ್‌ಟಾಪಿನ ಬಗ್ಗೆ

ಲೆನೊವೊ ಥಿಂಕ್‌ಪ್ಯಾಡ್ ಟಿ430 ಪೇಟೆಗೆ ಬಂದದ್ದು 2012ರಲ್ಲಿ. ಈಗ ಅದರ ವಿಮರ್ಶೆ ಯಾಕೆ ಅಂತ ಕೇಳಬಹುದು. ನನ್ನದು ಈ ಮಳೆಗಾಲದಲ್ಲಿ ಪೂರ್ತಿ ನಿಂತಿತು. ಇಷ್ಟು ವರ್ಷ ದುಡಿದದ್ದನ್ನು ಸುಮ್ನೆ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಮಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಯಾವುದೋ ಕಂಪನಿಯವರು ಬಳಸಿ ಬಿಟ್ಟದ್ದು. ಭಾರ ಎರಡು ಕಿಲೋಕ್ಕಿಂತ ಜಾಸ್ತಿ. ಬದಿಯಡ್ಕದಿಂದ ಕುಂಬಳೆಗೆ ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ ಹೆಗಲು ನೋಯುತ್ತಿತ್ತು. ಆ ಕಾಲದ ಟಿಎನ್ ಅನ್ನುವ ಬಗೆಯ ಪರದೆ, ಬದಿಯಿಂದ ನೋಡಿದರೆ ಬಣ್ಣ ಮಂಕು. ಸಿನಿಮಾ ನೋಡುವವರಿಗೆ ಹೇಳಿದ್ದಲ್ಲ.

ಆದರೆ ಕೀಬೋರ್ಡ್! ಕನ್ನಡ ಮಾಧ್ಯಮದ ಟೀಚರ್‌ಗೆ ಕಾಸರಗೋಡಿನಲ್ಲಿ ಟೈಪಿಂಗ್ ಕೆಲಸ ಮುಗಿಯುವುದೇ ಇಲ್ಲ. ಪ್ರಶ್ನೆಪತ್ರಿಕೆ, ಪಿಟಿಎ ಮೀಟಿಂಗಿನ ನೋಟೀಸು, ಊರಿನ ಯಕ್ಷಗಾನದ ಆಮಂತ್ರಣ. ಸುತ್ತೋಲೆ ಮಲಯಾಳದಲ್ಲಿ ಬಂದರೆ ಹೆತ್ತವರಿಗಾಗಿ ಅದನ್ನು ಕನ್ನಡಕ್ಕೆ ತಂದು ಟೈಪ್ ಮಾಡಬೇಕು. ಬೆರಳಿಗೆ ಕೀ ಒತ್ತಿದ್ದು ಸರಿಯಾಗಿ ಗೊತ್ತಾಗುತ್ತದೆ, ಎಷ್ಟು ಹೊತ್ತು ಕೂತರೂ ಕೈ ಸೋಲುವುದಿಲ್ಲ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಕೆಜಿಪಿ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀ ಬೇಕು. 'ರಾಷ್ಟ್ರ' ಅಂತ ಒಂದು ಸಲ ಬರೆಯಲು ಅದನ್ನು ಎರಡು ಸಲ ಒತ್ತಬೇಕು. ಆ ಕೀಯ ಮೇಲಿನ ಅಕ್ಷರ ಅಳಿಸಿ ನುಣ್ಣಗಾಗಿದೆ. ಕೀ ಮಾತ್ರ ಕೊನೆಯವರೆಗೂ ಗಟ್ಟಿ.

ಪರದೆಯ ಮೇಲಂಚಿನಲ್ಲಿ ಪುಟ್ಟ ದೀಪವೊಂದಿದೆ. ಎಫ್‌ಎನ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಕೀಗಳ ಮೇಲೆ ಬೆಳಕು ಬೀಳುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಕರೆಂಟ್ ಹೋದ ಎಷ್ಟೋ ರಾತ್ರಿ ಆ ಬೆಳಕಿನಲ್ಲೇ ಪ್ರಶ್ನೆಪತ್ರಿಕೆ ಮುಗಿಸಿದ್ದೇನೆ. ಇಂಥ ದೀಪವನ್ನು ಈಗ ಯಾಕೆ ಕೊಡುವುದಿಲ್ಲವೋ!

ಇದರ ದೊಡ್ಡ ಗುಣ ಅಂದರೆ ಬಿಚ್ಚಬಹುದು. ಬ್ಯಾಟರಿ ಕೈಯಲ್ಲೇ ಕಳಚುತ್ತದೆ. ರ್‍ಯಾಮ್ 16 ಜಿಬಿವರೆಗೆ ಏರಿಸಬಹುದು. ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದ ದಿನ ಹೊಸ ಲ್ಯಾಪ್‌ಟಾಪ್ ಬಂದಷ್ಟು ಖುಷಿಯಾಗಿತ್ತು.

ಇದು ಬಂದದ್ದು ವಿಂಡೋಸ್ 7 ಕಾಲದಲ್ಲಿ. ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇದರಲ್ಲಿರುವುದು 3ನೇ ತಲೆಮಾರು. ಯಂತ್ರ ಸರಿ ಇದ್ದೂ ಮೂಲೆಗೆ ಹಾಕಬೇಕು ಅಂದರೆ ಬೇಸರವಾಗುತ್ತದೆ, ಅಲ್ವಾ? ವಿಂಡೋಸ್ ಬದಲಿಗೆ, ಕೇರಳದ ನಮ್ಮ ಶಾಲೆಗಳಲ್ಲಿ ಬಳಸುವ ಕೈಟ್ ಗ್ನೂ/ಲಿನಕ್ಸ್ ಹಾಕಿದೆ. ಸಲೀಸಾಗಿ ಓಡಿತು. ನುಡಿಯ ಹಳೆ ಆಸ್ಕಿ ಫಾಂಟಿನಲ್ಲಿದ್ದ ಕಡತಗಳನ್ನು, ಎಲ್ಲ ಕಡೆ ಕನ್ನಡ ಸರಿಯಾಗಿ ಕಾಣುವ ಯೂನಿಕೋಡಿಗೆ ಬದಲಿಸುವುದೊಂದೇ ತಲೆನೋವಾಯಿತು. ಒಂದೊಂದನ್ನೂ ತೆರೆದು ಅಕ್ಷರ ತಿದ್ದಬೇಕಾಯಿತು.

ಕೊನೆಗೆ ಮದರ್‌ಬೋರ್ಡ್ ಹೋಯಿತು. "ಟೀಚರೇ, ಇದಕ್ಕೆ ಇನ್ನು ಹಣ ಹಾಕ್ಬೇಡಿ" ಅಂದ ರಿಪೇರಿಯ ಹುಡುಗ. ಅವನು ಹಾಗೆ ಹೇಳಬೇಕಾದರೆ ಇನ್ನೇನೂ ಉಳಿದಿಲ್ಲ ಅಂತಲೇ ಅರ್ಥ. ಮೊದಲೆಲ್ಲ ಹೇಗಾದರೂ ಸರಿ ಮಾಡಿ ಕೊಡುತ್ತಿದ್ದವನು.

ಹೊಸತು ತಗೊಂಡಿದ್ದೇನೆ. ಹಗುರ, ಪರದೆಯೂ ಚಂದ. ರ್‍ಯಾಮ್ ಬೆಸುಗೆ ಹಾಕಿ ಕೂರಿಸಿದ್ದು, ಏರಿಸುವ ಹಾಗಿಲ್ಲ. ಟೈಪ್ ಮಾಡುವಾಗ ಹಲಗೆ ಕುಟ್ಟಿದಂತಾಗುತ್ತದೆ.

ಬರೆಯುವ ಕೆಲಸವೇ ಜಾಸ್ತಿ ಇದ್ದು, ಲಿನಕ್ಸ್ ಅಡ್ಡಿಯಿಲ್ಲ ಅನ್ನುವವರು ಕಡಿಮೆಗೆ ಸಿಕ್ಕಿದರೆ ಟಿ430 ಈಗಲೂ ತಗೊಳ್ಳಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಪರದೆಯ ಹಿಂಜು ಸಡಿಲವಾಗಿದೆಯಾ ಅಂತ ಅಂಗಡಿಯಲ್ಲೇ ನೋಡಿ. ನನ್ನದರ ಎಸ್‌ಎಸ್‌ಡಿಯನ್ನು ಕೇಸಿಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ. ಕೀಬೋರ್ಡ್ ಇದೇ ಮಾಡೆಲ್ ಇರುವ ಸಹೋದ್ಯೋಗಿಗೆ ಹೋಯಿತು. ಚಾರ್ಜರ್ ಉಳಿದಿದೆ, ಉರುಟು ಪಿನ್ನಿನದ್ದು, 20 ವೋಲ್ಟ್, 90 ವಾಟ್. ಬದಿಯಡ್ಕದ ಆಸುಪಾಸಿನವರಿಗೆ ಬೇಕಿದ್ದರೆ ಕೇಳಿ, ಕೊಡುತ್ತೇನೆ.