ಸಂಗೀತ ಪತ್ರಿಕೆಯ ಮುಖಪುಟಕ್ಕೆ ‘ಅನೇಕ್ ಕನ್ನಡ’: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಕನ್ನಡ ಮುಖಪುಟಕ್ಕೆ ಫಾಂಟ್ ಆರಿಸುವಾಗ ಅಕ್ಷರದ ಅಂದಕ್ಕಿಂತ ಮೊದಲು ನೋಡಬೇಕಾದ್ದು ಸಾಲು ಎಷ್ಟು ಜಾಗ ತಿನ್ನುತ್ತದೆ ಎಂಬುದನ್ನು. ‘ಮಲ್ಲಿಕಾರ್ಜುನ ಮನ್ಸೂರ’ ಎಂದು ಟೈಪ್ ಮಾಡಿ ನೋಡಿ. ಮೇಲೆ ಗುಡಿಸು, ಕೆಳಗೆ ಲ ಒತ್ತು, ಸ ಒತ್ತು, ಪಕ್ಕದಲ್ಲಿ ಅರ್ಕಾವೊತ್ತು, ಕೊಂಬು. ಹೆಸರು ಅಡ್ಡಕ್ಕೂ ಉದ್ದ, ಕೆಳಕ್ಕೂ ಇಳಿಯುತ್ತದೆ. ಇಂಥ ಹೆಸರುಗಳೇ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ತಿಂಗಳು ತಿಂಗಳೂ ಬರುವುದು. ಈ ಲೆಕ್ಕದಲ್ಲಿ ಉಚಿತವಾಗಿ ಸಿಗುವ ಕನ್ನಡ ಫಾಂಟ್‌ಗಳಲ್ಲಿ ನಮ್ಮ ಮೊದಲ ಆಯ್ಕೆ ಏಕ್ ಟೈಪ್ ಸಂಸ್ಥೆಯ ‘ಅನೇಕ್ ಕನ್ನಡ’. ಆದರೆ ಇಡೀ ಮುಖಪುಟವನ್ನು ಅದೊಂದರಿಂದಲೇ ಕಟ್ಟಬೇಡಿ.

2022ರಲ್ಲಿ ಬಂದ ಅನೇಕ್ ಕುಟುಂಬದಲ್ಲಿ ಒಂಬತ್ತು ಭಾರತೀಯ ಲಿಪಿಗಳೂ ಲ್ಯಾಟಿನ್ನೂ ಇವೆ. ಗೂಗಲ್ ಫಾಂಟ್ಸ್‌ನಿಂದ ಇಳಿಸಿಕೊಳ್ಳಬಹುದು. ಮುಕ್ತ ಪರವಾನಗಿಯಿರುವುದರಿಂದ ಮಾರಾಟದ ಪತ್ರಿಕೆಯಲ್ಲೂ ಬಳಸಬಹುದು. ಫಾಂಟ್ ಒಂದನ್ನೇ ಬೇರೆಯಾಗಿ ಮಾರುವಂತಿಲ್ಲ, ಅಷ್ಟೆ. ಇದರ ನಿಜವಾದ ಬಲ ಅಗಲವನ್ನು ಬದಲಿಸುವ ಸೌಲಭ್ಯ. ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಹೋಗುತ್ತದೆ (100 ಎಂದರೆ ಸಾಮಾನ್ಯ ಅಗಲ). ಎ4 ಪುಟದಲ್ಲಿ ಎರಡೂ ಬದಿಗೆ 12 ಮಿ.ಮೀ. ಬಿಟ್ಟರೆ ಉಳಿಯುವುದು 186 ಮಿ.ಮೀ. ‘ಗಂಗೂಬಾಯಿ ಹಾನಗಲ್’ ಒಂದೇ ಸಾಲಿನಲ್ಲಿ ಅಲ್ಲಿ ಕೂರದಿದ್ದರೆ ಬಹಳಷ್ಟು ಮಂದಿ ಅಕ್ಷರವನ್ನು ಅಡ್ಡಕ್ಕೆ 80%ಗೆ ಹಿಚುಕುತ್ತಾರೆ. ಆಗ ನಿಂತ ಗೆರೆಗಳು ತೆಳ್ಳಗಾಗಿ, ಮಲಗಿದ ಗೆರೆಗಳು ದಪ್ಪವಾಗೇ ಉಳಿದು, ದುಂಡಗಿರಬೇಕಾದ ‘ಗಂ’ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅನೇಕ್‌ನಲ್ಲಿ ಅಗಲದ ಅಂಕಿಯನ್ನು 100ರಿಂದ 85ಕ್ಕೆ ಇಳಿಸಿದರೆ ಸಾಕು, ಗೆರೆಗಳ ಹದ ಕೆಡದೆ ಹೆಸರು ಒಳಗೆ ಬರುತ್ತದೆ. 75ರವರೆಗೆ ಹೋಗುವುದಿದ್ದರೆ ದಪ್ಪವನ್ನು 600ರ ಆಚೆ ಒಯ್ಯಬೇಡಿ.

ಕಾರಣ ಸಂಗೀತದ ಪದಗಳಲ್ಲೇ ಇದೆ. ‘ಠುಮ್ರಿ’ಯ ಠ ಮತ್ತು ರ ನಡುವಿನ ವ್ಯತ್ಯಾಸ ಒಳಗಿನ ಒಂದು ಚುಕ್ಕಿ. ‘ಧ್ರುಪದ’, ‘ಧಾರವಾಡ’, ‘ಗಂಧರ್ವ’ಗಳಲ್ಲಿ ಧ ಕಾಣುವುದು ಕೆಳಗಿನ ಸಣ್ಣ ಸೀಳಿನಿಂದ. ‘ಥಾಟ್’ನ ಥ ಅಕ್ಷರಕ್ಕೆ ಹೊಟ್ಟೆಯೊಳಗೆ ಚುಕ್ಕಿ. ಎಕ್ಸ್‌ಟ್ರಾ ಬೋಲ್ಡ್‌ನಲ್ಲಿ (ದಪ್ಪ 800), 16 ಪಾಯಿಂಟ್‌ಗಿಂತ ಚಿಕ್ಕದಾಗಿ, ಗಾಢ ಬಣ್ಣದ ಮೇಲೆ ಬಿಳಿಯಾಗಿ ಅಚ್ಚು ಹಾಕಿದರೆ ಸುತ್ತಲಿನ ಶಾಯಿ ಒಳನುಗ್ಗಿ ಗೆರೆ ಸವೆಯುತ್ತದೆ. ಬಿಳಿ ಕಾಗದದ ಮೇಲೆ ಕಪ್ಪಾಗಿ ಹಾಕಿದರೆ ಶಾಯಿ ಹರಡಿ ಸೀಳು ಮುಚ್ಚಿಕೊಳ್ಳುತ್ತದೆ. ಧೈವತದ ಬಗ್ಗೆ ಬರೆಯುವ ಪತ್ರಿಕೆ ‘ದಾರವಾಡ’ ಎಂದು ಅಚ್ಚಾಗಬಾರದು. ಚಿಕ್ಕ ಸಾಲುಗಳಿಗೆ ಮೀಡಿಯಂ ಅಥವಾ ಸೆಮಿಬೋಲ್ಡ್ ಸಾಕು, ಅಗಲ 100ರಲ್ಲೇ ಇರಲಿ.

ಪತ್ರಿಕೆಯ ಹೆಸರಿಗೆ ಮಾತ್ರ ಅನೇಕ್ ನಮಗೆ ಒಗ್ಗುವುದಿಲ್ಲ. ಅಕ್ಷರಗಳು ಚೊಕ್ಕವಾಗಿವೆ, ಆದರೆ ಶಾಸ್ತ್ರೀಯ ಸಂಗೀತದ ಪತ್ರಿಕೆಗೆ ಬೇಕಾದ ಗಾಂಭೀರ್ಯ ಅವುಗಳಿಂದ ಬರುವುದಿಲ್ಲ. ಸರ್ಕಾರಿ ಪ್ರಕಟಣೆಯ ತಲೆಬರಹವೂ ಹೀಗೇ ಇರಬಹುದು. ಅದಕ್ಕೆ ‘ತಿರೋ ಕನ್ನಡ’ ನೋಡಿ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಮೊದಲು ರೂಪುಗೊಂಡ ಅಕ್ಷರಗಳಿವು. ಸಿಗುವುದು ರೆಗ್ಯುಲರ್ ಮತ್ತು ಇಟಾಲಿಕ್ ಎರಡೇ. ಬೋಲ್ಡ್ ಗುಂಡಿ ಒತ್ತಿದರೆ ತಂತ್ರಾಂಶವೇ ಅಂಚಿಗೆ ಗೆರೆ ಬಳಿದು ನಕಲಿ ದಪ್ಪ ಕೊಡುತ್ತದೆ, ಒತ್ತುಗಳ ಒಳಜಾಗವೆಲ್ಲ ತುಂಬಿಹೋಗುತ್ತದೆ. ದಪ್ಪ ಬೇಕೆನಿಸಿದರೆ ಗಾತ್ರ ಹೆಚ್ಚಿಸಿ. ಬ್ಯಾಂಡ್, ಚಿತ್ರಗೀತೆ, ಹೊಸ ಹುಡುಗರ ಹಾಡುಗಳ ಪತ್ರಿಕೆಯಾದರೆ ದುಂಡುದುಂಡಗಿನ ‘ಬಲೂ ತಮ್ಮ 2’ ಸೊಗಸು. ಅದೇ ಅಕ್ಷರ ಕೀರ್ತನೆಯ ವಿಶೇಷಾಂಕದ ಮೇಲೆ ಮಕ್ಕಳ ಪುಸ್ತಕದಂತೆ ಕಾಣುತ್ತದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ಕ್ಕೆ ತನ್ನದೇ ಬಳುಕಿದೆ. ಎರಡು ಮೂರು ಅಕ್ಷರದ ಹೆಸರಿಗೆ ಅದು ಬಹಳ ಚಂದ, ಸಾಲುಗಟ್ಟಲೆ ಓದಿಸಲು ಬೇಡ. ಒಂದು ಮುಖಪುಟದಲ್ಲಿ ಹೆಸರಿಗೊಂದು, ಉಳಿದದ್ದಕ್ಕೆ ಅನೇಕ್: ಎರಡು ಫಾಂಟ್ ಮೀರಬೇಡಿ.

ಎರಡು ಸಾಲಿನ ತಲೆಬರಹವಿದ್ದರೆ ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ 1.35 ಪಟ್ಟಿನಿಂದ ಶುರು ಮಾಡಿ. 60 ಪಾಯಿಂಟ್‌ಗೆ 81. ಆಮೇಲೆ ಕಣ್ಣಳತೆಯಲ್ಲಿ ಬಿಗಿ ಮಾಡಿ. ಮೇಲಿನ ಸಾಲಿನಲ್ಲಿ ‘ಸ್ವಾತಂತ್ರ್ಯ’ದಂಥ ಪದವಿದ್ದು ಅದರ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗಿದರೆ ಅಂತರ ಹಿಗ್ಗಿಸುವ ಬದಲು ಪದವನ್ನೇ ಕೆಳಸಾಲಿಗೆ ತನ್ನಿ. ಅಕ್ಷರಗಳ ನಡುವಿನ ಅಂತರ ಮಾತ್ರ ಸೊನ್ನೆಯಲ್ಲೇ ಇರಲಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅಕ್ಷರ ಬಿಡಿಬಿಡಿಯಾಗಿಡುವುದು ಚಂದ ಕಾಣಬಹುದು. ಕನ್ನಡದಲ್ಲಿ ಹಾಗೆ ಮಾಡಿದರೆ ಒತ್ತು ತನ್ನ ಅಕ್ಷರದಿಂದ, ದೀರ್ಘ ತನ್ನ ಗುಡಿಸಿನಿಂದ ದೂರ ಸರಿದು ನಿಲ್ಲುತ್ತದೆ.

ಒತ್ತುಗಳು ಒಡೆದು ಕಂಡರೆ ಫಾಂಟನ್ನು ಬಯ್ಯುವ ಮೊದಲು ತಂತ್ರಾಂಶದ ಹೊಂದಿಕೆ ನೋಡಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಿಂದ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಟೈಪ್ ಪ್ರಿಫರೆನ್ಸ್‌ಗೆ ಹೋಗಿ ಇಂಡಿಕ್ ಆಯ್ಕೆಗಳನ್ನು ತೆರೆದು, ದಕ್ಷಿಣ ಏಷ್ಯಾದ ಕಂಪೋಸರ್‌ಗೆ ಬದಲಾಯಿಸಬೇಕು. ಇಂಕ್‌ಸ್ಕೇಪ್‌ನಲ್ಲಿ ಈ ತಾಪತ್ರಯವಿಲ್ಲ. ಲೇಖನವು ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಅಕ್ಷರದಲ್ಲಿ ಬಂದಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಾದ ಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ಓದಿ. ‘ರ‍್ಯಾಪ್’ ಎಂಬ ಪದ ‘ರ್ಯಾಪ್’ ಆಗಿ ಬಿದ್ದಿದ್ದರೆ ರ ಆದಮೇಲೆ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಜೋಡಕ ಚಿಹ್ನೆ (ZWJ) ಸೇರಿಸಬೇಕು. ಮುದ್ರಣಾಲಯದಲ್ಲಿ ಹಳೆಯ ಕೋರೆಲ್ ತಂತ್ರಾಂಶ ಇದ್ದರೆ ಅಗಲ ಬದಲಿಸುವ ಫಾಂಟ್ ಫೈಲ್ ಅಲ್ಲಿ ಸರಿಯಾಗಿ ತೆರೆಯುವುದಿಲ್ಲ. ಬಿಡಿ ಶೈಲಿಗಳ ಫೈಲ್‌ಗಳನ್ನು ಬಳಸಿ, ಇಲ್ಲವೇ ಅಕ್ಷರಗಳನ್ನು ಆಕೃತಿಗಳಾಗಿಸಿ ಪಿಡಿಎಫ್ ಕೊಡಿ.

ಬಣ್ಣದ ವಿಷಯಕ್ಕೆ ಬಂದರೆ, ದೊಡ್ಡ ಶತ್ರು ವೇದಿಕೆಯ ಎಲ್‌ಇಡಿ ದೀಪ. ಕಛೇರಿಯ ಫೋಟೊದಲ್ಲಿ ಹೊಳೆಯುವ ನೀಲಿ-ನೇರಳೆ ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಇರುತ್ತದೆ; ನಾಲ್ಕು ಶಾಯಿಯ ಅಚ್ಚಿನಲ್ಲಿ ಮಂಕಾಗುತ್ತದೆ. ಕೆಲಸದ ಕೊನೆಗಲ್ಲ, ಆರಂಭದಲ್ಲೇ ಸಿಎಂವೈಕೆಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಬಣ್ಣಕ್ರಮ) ತಿರುಗಿಸಿ ನೋಡಿ. ನೀಲಿಗೆ ಸಯಾನ್ 100 ಇದ್ದರೆ ಮಜೆಂಟಾ 70 ದಾಟದಿರಲಿ, ದಾಟಿದರೆ ನೀಲಿ ನೇರಳೆಗೆ ಜಾರುತ್ತದೆ. ಹಿನ್ನೆಲೆಗೆ ಗಾಢ ಕಪ್ಪು ಬೇಕಿದ್ದರೆ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100, ಒಟ್ಟು 240%. ಆ ಕಪ್ಪಿನಲ್ಲಿ ಚಿಕ್ಕ ಬಿಳಿ ಅಕ್ಷರ ಕೊರೆಯಬೇಡಿ. ನಾಲ್ಕು ಪ್ಲೇಟ್‌ಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಬರುತ್ತದೆ. ಚಿಕ್ಕ ಕಪ್ಪು ಅಕ್ಷರಕ್ಕೆ ಕಪ್ಪು ಶಾಯಿ ಒಂದೇ ಸಾಕು. ಚಿನ್ನದ ಬಣ್ಣ ಈ ನಾಲ್ಕು ಶಾಯಿಗಳಿಂದ ಹುಟ್ಟುವುದಿಲ್ಲ, ಕೆಸರುಬಣ್ಣ ಬರುತ್ತದೆ. ಬೇಕೇ ಬೇಕೆಂದರೆ ಐದನೆಯ ಶಾಯಿಗೆ ದುಡ್ಡು ಕೊಡಿ.

ಪರದೆಯಲ್ಲಿ ಓದುವವರಿಗಾಗಿ ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ವ್ಯತ್ಯಾಸದ ಅನುಪಾತ ನೋಡಿ. ಕಪ್ಪಿನ ಮೇಲೆ ಶುದ್ಧ ಹಳದಿ 19.6:1, ಶುದ್ಧ ಕೆಂಪಿನ ಮೇಲೆ ಬಿಳಿ ಸುಮಾರು 4:1, ಶುದ್ಧ ನೀಲಿಯ ಮೇಲೆ ಶುದ್ಧ ಕೆಂಪು ಬರೀ 2.15:1. ದೊಡ್ಡ ಅಕ್ಷರಕ್ಕೆ ಕನಿಷ್ಠ 3, ಚಿಕ್ಕದಕ್ಕೆ 4.5 ಇರಬೇಕು. ಅಕ್ಷರದ ಬಣ್ಣವನ್ನು ಫೋಟೊದೊಳಗಿನಿಂದಲೇ ಎತ್ತಿಕೊಳ್ಳುವುದು ಒಳ್ಳೆಯ ದಾರಿ: ವೀಣೆಯ ಹಲಸಿನ ಮರದ ಕಂದು, ಸೀರೆಯ ಅಂಚಿನ ಕುಂಕುಮಗೆಂಪು. ಆದರೆ ಅಕ್ಷರವನ್ನು ಆ ಅಂಚಿನ ಮೇಲೇ ಕೂರಿಸಬೇಡಿ; ಜರಿಯ ಗೆರೆಗಳ ನಡುವೆ ಒತ್ತುಗಳು ಕಳೆದುಹೋಗುತ್ತವೆ. ಗಾಯಕರ ತಲೆಯ ಮೇಲಿನ ಖಾಲಿ ಜಾಗ ಸಾಲದಿದ್ದರೆ ಹಿನ್ನೆಲೆಯನ್ನು ಮೇಲಕ್ಕೆ ಬೆಳೆಸಿ. ಪುಟದ ಸುತ್ತ ಹಿನ್ನೆಲೆಯನ್ನು 3 ಮಿ.ಮೀ. ಹೊರಕ್ಕೆ ಚಾಚಿ ಕತ್ತರಿ ಅಂಚು (ಬ್ಲೀಡ್) ಬಿಡಿ.

ಫೈಲ್ ಕಳಿಸುವ ಮುನ್ನ ಎರಡು ಪರೀಕ್ಷೆ: 150 ಪಿಕ್ಸೆಲ್ ಅಗಲಕ್ಕೆ ಇಳಿಸಿ ಫೋನಿನಲ್ಲಿ ಹೆಸರು ಓದಲಾಗುತ್ತದೆಯೇ ನೋಡಿ. ಆಮೇಲೆ ನಿಜವಾದ ಗಾತ್ರದಲ್ಲಿ ಒಂದು ಎ4 ಹಾಳೆ ಅಚ್ಚು ತೆಗೆದು, ಕೈಯಳತೆಯ ದೂರದಲ್ಲಿ ಹಿಡಿದು, ಠ, ಥ, ಧಗಳನ್ನು ಮಾತ್ರ ಹುಡುಕಿ ಓದಿ.