ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ 10-2 ಫೀಲ್ಡ್ ಟೆಸ್ಟ್, ಒಸಿಟಿ ಸ್ಕ್ಯಾನ್: ನನ್ನ ಅನುಭವ

ಮೂವತ್ತೊಂದು ವರ್ಷ ಧಾರವಾಡದ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಹೋದ ವರ್ಷದಿಂದ ಬರೀ ಎಡಗಣ್ಣಲ್ಲಿ ಓದಿದರೆ, ಓದುತ್ತಿರುವ ಸಾಲಿನ ಮೇಲಿನ ಸಾಲುಗಳು ನೀರು ಬಿದ್ದ ಶಾಯಿಯಂತೆ ಕದಡುತ್ತಿದ್ದವು. ಕಣ್ಣಿನ ನರ ಸವೆಸುವ ಗ್ಲಾಕೋಮಾಕ್ಕೆ ಆರು ವರ್ಷದಿಂದ ಡ್ರಾಪ್ಸ್ ಇದೆ. ಮೊದಲು ತೋರಿಸುತ್ತಿದ್ದ ಕಡೆ ಪ್ರತಿಸಲ 24-2 ಫೀಲ್ಡ್ ಟೆಸ್ಟ್ (ಬೆಳಕಿನ ಬಿಂದು ಕಂಡಾಗಲೆಲ್ಲ ಗುಂಡಿ ಒತ್ತಿಸಿ ನೋಟದ ಹರವು ಅಳೆಯುವುದು) ಮಾಡಿ, ‘ಚಲೋ ಅದ’ ಅಂದು ಕಳಿಸುತ್ತಿದ್ದರು. ಎರಡು ಸಲ ಕನ್ನಡಕ ಬದಲಿಸಿದೆ.

ಇಲ್ಲಿಯ ಡಾಕ್ಟರಮ್ಮ ಮೊದಲು ಕೇಳಿದ್ದೇ ‘ಓದೂವಾಗ ಏನಾಗ್ತದ್ರಿ?’ ಎಂದು. ಉತ್ತರ ಕೇಳಿ, ನಡುವಿನ ನೋಟವನ್ನಷ್ಟೇ ಒತ್ತಾಗಿ ಅಳೆಯುವ 10-2 ಟೆಸ್ಟ್ ಬರೆದರು. ಹಳೆಯದರಲ್ಲಿ ಬಿಂದುಗಳು 6 ಡಿಗ್ರಿಗೊಂದು. ಒಟ್ಟು 54ರಲ್ಲಿ ನಡುವಿನ 10 ಡಿಗ್ರಿಯೊಳಗೆ ಬರುವುದು 12 ಮಾತ್ರ. ಇದರಲ್ಲಿ ಅಷ್ಟೇ ಜಾಗದಲ್ಲಿ 68. ‘ಕಾಕಾರ, ನಡುವಿನ ದೀಪಾನ ನೋಡ್ರಿ, ಕಣ್ಣ ಆಡಿಸಬ್ಯಾಡ್ರಿ’ ಎಂದು ಟೆಕ್ನಿಷಿಯನ್ ಹುಡುಗಿ ಬೇಸರಿಸದೆ ಹೇಳುತ್ತಲೇ ಇದ್ದಳು.

ಆಮೇಲೆ ಡಾಕ್ಟರು ಹಾಳೆಯ ಹಿಂಬದಿಗೆ ಚಿತ್ರ ಬರೆದು ತಿಳಿಸಿದರು. ಮಿದುಳಿಗೆ ಸುದ್ದಿ ಒಯ್ಯುವ ಗ್ಯಾಂಗ್ಲಿಯಾನ್ ಕೋಶಗಳು ಒಂದು ಕಣ್ಣಿಗೆ ಸುಮಾರು 10 ಲಕ್ಷ. ಗ್ಲಾಕೋಮಾ ಕೊಲ್ಲುವುದು ಇವನ್ನೇ. ಅವು ಕಣ್ಣಿನ ಹಿಂಪರದೆಯಾದ ರೆಟಿನಾ ತುಂಬ ಸಮನಾಗಿ ಹರಡಿಲ್ಲ: ನಡುವಿನ ಮ್ಯಾಕ್ಯುಲಾ ಇಡೀ ರೆಟಿನಾದ ಶೇ 2ರಷ್ಟೂ ಇಲ್ಲ, ಆದರೆ ಶೇ 30ಕ್ಕೂ ಹೆಚ್ಚು ಕೋಶಗಳು ಅಲ್ಲೇ. ಅದರ ನಟ್ಟನಡುವಿನ ಕುಳಿಯಲ್ಲಿ ಮಾತ್ರ ಅವು ಒಂದೂ ಇಲ್ಲ, ಮಂದ ಬೆಳಕಿನ ರಾಡ್ ಕೋಶಗಳೂ ಇಲ್ಲ. ಅಲ್ಲಿ ಬಣ್ಣ, ಸೂಕ್ಷ್ಮ ನೋಟದ ಕೋನ್ ಕೋಶಗಳು ಒತ್ತೊತ್ತಾಗಿ ನಿಂತಿವೆ. ಬೆಳಕಿಗೆ ದಾರಿ ಬಿಟ್ಟು ಗ್ಯಾಂಗ್ಲಿಯಾನ್ ಕೋಶಗಳು ಸುತ್ತಲೂ ದಪ್ಪಗೆ ಕೂತಿವೆ. ಹೀಗಾಗಿ ರೆಟಿನಾದ ಪದರಗಳ ದಪ್ಪ ತೋರಿಸುವ ಒಸಿಟಿ ಸ್ಕ್ಯಾನಿನಲ್ಲಿ ನನ್ನ ಬಲಗಣ್ಣು ಉದ್ದಿನವಡೆಯಂತೆ ತುಂಬು ಉಂಗುರ. ಎಡಗಣ್ಣಿನ ಉಂಗುರ ಕೆಳಗಡೆ ಸವೆದಿತ್ತು. ರೆಟಿನಾದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಕೆಳಗೆ ಕೋಶ ಸತ್ತರೆ ಮೇಲಿನ ನೋಟ ಹೋಗುತ್ತದೆ. 10-2ರ ಹಾಳೆಯಲ್ಲೂ ನಡುವಿಗಿಂತ ತುಸು ಮೇಲೆ ಕಪ್ಪು ಕಮಾನು. ನನ್ನ ಮೇಲಿನ ಸಾಲು! ಒಂದು ವರ್ಷದಿಂದ ಯಾರಿಗೂ ಅರ್ಥ ಮಾಡಿಸಲಾಗದ್ದನ್ನು ಹಾಳೆಯ ಮೇಲೆ ಕಂಡು ಕಣ್ಣು ತುಂಬಿತು.

ಸತ್ತ ಕೋಶ ಮರಳುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಕಣ್ಣಿನೊಳಗಿನ ಪ್ರೆಶರ್ ಇನ್ನೂ ಇಳಿಸಲು ಎರಡನೇ ಡ್ರಾಪ್ಸ್ ಕೊಟ್ಟರು.

ಕೊರತೆ ಇಲ್ಲದಿಲ್ಲ. ಮೂರು ತಾಸು ಕಾಯಬೇಕಾಯಿತು, ರಿಪೋರ್ಟ್ ಪೂರ್ತಿ ಇಂಗ್ಲಿಷ್. ಆದರೂ ಐದಕ್ಕೆ ಐದು ಕೊಡುತ್ತೇನೆ. ಗ್ಲಾಕೋಮಾ ಇದ್ದು ಓದಲು ತೊಡಕಾಗುತ್ತಿರುವವರು 10-2 ಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಬೆಳಿಗ್ಗೆ ಒಂಬತ್ತರೊಳಗೆ ಬಂದು ಚೀಟಿ ಮಾಡಿಸಿದರೆ ಕಾಯುವುದು ತಪ್ಪುತ್ತದಂತೆ.