ಮಲೆನಾಡಿನ ಸೆಕೆಗೆ ಕ್ಯಾಂಪರ್ ವ್ಯಾನ್: ರೂಫ್ ಫ್ಯಾನೋ, ಕೂಲರೋ, ಎಸಿಯೋ?

ಮೊದಲೇ ಹೇಳಿಬಿಡುತ್ತೇನೆ. ಶಿವಮೊಗ್ಗದಿಂದ ಮೇಲಕ್ಕೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಓಡಾಡುವ ಕ್ಯಾಂಪರ್ ವ್ಯಾನಿಗೆ, ಅಂದರೆ ಒಳಗೇ ಮಲಗಿ ತಂಗುವ ಗಾಡಿಗೆ, ನನ್ನ ಓಟು ರೂಫ್ ಫ್ಯಾನಿಗೆ. 12 ವೋಲ್ಟಿನಲ್ಲಿ ಓಡುವ, ಒಳಗಿನ ಬಿಸಿಗಾಳಿಯನ್ನು ಹೊರಗೆ ಎಳೆದು ಬಿಸಾಡುವ 14 ಇಂಚಿನ ಫ್ಯಾನ್, ಅದರ ಜೊತೆಗೆ ಛಾವಣಿಯ ಮೇಲೊಂದು ನೆರಳು ನೆಟ್. ಏರ್ ಕೂಲರ್, ಬ್ಯಾಟರಿಯ ಡಿಸಿ ಎಸಿ, ಪ್ಲಗ್ಗಿಗೆ ಹಾಕುವ ಮನೆ ಎಸಿ, ಮೂರನ್ನೂ ಟೆಂಪೊ ಟ್ರಾವೆಲರ್ ಬಾಡಿಯಲ್ಲಿ ಬಳಸಿ ನೋಡಿದ ಮೇಲಿನ ಮಾತು ಇದು.

ಯಾವುದನ್ನೇ ಕೊಳ್ಳುವ ಮೊದಲು ಶಾಖ ಎಲ್ಲಿಂದ ಬರುತ್ತದೆ ಎಂದು ಗೊತ್ತಿರಬೇಕು. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಹಾಗಾಗಿ ಪಕ್ಕದ ಗೋಡೆಗಳಿಗಿಂತ ಛಾವಣಿಗೇ ಪೆಟ್ಟು ಹೆಚ್ಚು. ಟ್ರಾವೆಲರ್ ಛಾವಣಿ 9 ಚದರ ಮೀಟರ್ ಆಸುಪಾಸು. ಗಾಢ ಬಣ್ಣದ ತಗಡು ಬಿಸಿಲಲ್ಲಿ 65 ಡಿಗ್ರಿ ಮುಟ್ಟಿದರೆ, ಒಳಗೆ ಏನೂ ಹೊದಿಸದ ಗಾಡಿಯಲ್ಲಿ 1800 ವ್ಯಾಟಿನಷ್ಟು ಶಾಖ ತಲೆಯ ಮೇಲೆ ಇಳಿಯುತ್ತದೆ. ಎರಡು ಇಸ್ತ್ರಿಪೆಟ್ಟಿಗೆಯನ್ನು ಕೆಳಮುಖ ಮಾಡಿ ತೂಗುಹಾಕಿದ ಹಾಗೆ. ಒಳಗಿನಿಂದ 20 ಮಿ.ಮೀ. ನೈಟ್ರೈಲ್ ರಬ್ಬರ್ ಶೀಟ್ ಅಂಟಿಸಿದರೆ ಅದು 550 ವ್ಯಾಟಿಗೆ ಇಳಿಯುತ್ತದೆ. ಹೊರಗೆ ಬಿಳಿ ಬಣ್ಣವೂ ಇದ್ದರೆ 300ರ ಒಳಗೆ. ಈ ಕೆಲಸ ಮಾಡದೆ ಎಸಿ ಹಾಕಿಸುವವರು, ಎಸಿಯ ಮುಕ್ಕಾಲು ಶಕ್ತಿಯನ್ನು ಬರೀ ಛಾವಣಿಯ ಶಾಖ ಹೊರುವುದಕ್ಕೇ ಕೊಡುತ್ತಾರೆ. ಗ್ಲಾಸ್‌ವೂಲ್ ಮಾತ್ರ ನಮ್ಮ ಕಡೆಗೆ ಬೇಡ. ಮಳೆಗಾಲದಲ್ಲಿ ತೇವ ಹೀರಿಕೊಂಡು ತಗಡಿಗೆ ತುಕ್ಕು ಹಿಡಿಸುತ್ತದೆ. ಬೆಳ್ಳಿ ಬಣ್ಣದ ಬಬಲ್ ಶೀಟನ್ನು ತಗಡಿಗೆ ನೇರವಾಗಿ ಅಂಟಿಸಿದರೂ ಉಪಯೋಗ ಕಡಿಮೆ. ಅದರ ಹೊಳಪು ಕೆಲಸ ಮಾಡಬೇಕಾದರೆ ಎದುರಿಗೆ 20 ಮಿ.ಮೀ. ಖಾಲಿ ಜಾಗ ಬೇಕು.

ಕೂಲರ್ ವಿಷಯ ಬೇಗ ಮುಗಿಯುತ್ತದೆ. ಮಾರ್ಚ್ ತಿಂಗಳಲ್ಲಿ ಭದ್ರಾವತಿ, ಶಿಕಾರಿಪುರದ ಒಣ ಧಗೆಗೆ ಅದು ನಿಜಕ್ಕೂ ಒಳ್ಳೆಯದು. ಹೊರಗೆ 37 ಡಿಗ್ರಿ, ತೇವಾಂಶ ಶೇ. 30 ಇದ್ದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 23-24 ತೋರಿಸುತ್ತದೆ. ಕೂಲರ್ ಎಷ್ಟೇ ಒಳ್ಳೆಯದಿದ್ದರೂ ಅದಕ್ಕಿಂತ ಕೆಳಗೆ ಹೋಗದು. ಸಣ್ಣ ಕೂಲರಿನಲ್ಲಿ 27-28ರ ಗಾಳಿ ಸಿಕ್ಕರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಗಂಟೆಗೆ ಒಂದು, ಒಂದೂವರೆ ಲೀಟರ್ ನೀರು ಕುಡಿಯುತ್ತದೆ. ಆದರೆ ಅಶ್ವಿನಿ, ಭರಣಿ ಮಳೆ ಒಂದು ಸಲ ಹೊಡೆದ ಮೇಲೆ ತೀರ್ಥಹಳ್ಳಿಯ ಲೆಕ್ಕವೇ ಬೇರೆ. 30 ಡಿಗ್ರಿ, ಶೇ. 80 ತೇವಾಂಶ ಇದ್ದಾಗ ಅದೇ ಥರ್ಮಾಮೀಟರ್ 27ಕ್ಕೆ ನಿಂತುಬಿಡುತ್ತದೆ. ಎರಡು ಡಿಗ್ರಿಯ ಆಸೆಗೆ ಗಾಡಿಯೊಳಗೆಲ್ಲ ತೇವ ತುಂಬಿ, ಹಾಸಿಗೆಯ ಅಡಿಗೆ ಬೂಷ್ಟು ಬರುತ್ತದೆ. ಕೂಲರ್ ಇದ್ದೇ ಇದೆ ಎನ್ನುವವರು ಅದನ್ನು ಮುಂದಿನ ಕಿಟಕಿಯ ಹತ್ತಿರವಿಟ್ಟು, ಹಿಂದೆ ರೂಫ್ ಫ್ಯಾನ್ ಹಾಕಿ ಗಾಳಿಯನ್ನು ಒಂದೇ ದಿಕ್ಕಿಗೆ ಹರಿಸಿ. ಘಾಟಿ ಇಳಿಯುವ ಮೊದಲು ಟ್ಯಾಂಕ್ ಖಾಲಿ ಮಾಡಿ.

ಡಿಸಿ ಎಸಿಯ ತಂಪಿನ ಬಗ್ಗೆ ತಕರಾರಿಲ್ಲ. ತಕರಾರು ಅದಕ್ಕೆ ಬೇಕಾದ ಕರೆಂಟಿನದು. ಪೂರ್ತಿ ಓಡುವಾಗ 600ರಿಂದ 900 ವ್ಯಾಟ್, ರಾತ್ರಿ ಹದಕ್ಕೆ ಬಂದ ಮೇಲೆ 350 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟ್, 200 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 2.5 ಯೂನಿಟ್. ಮಧ್ಯಾಹ್ನ ನಾಲ್ಕು ಗಂಟೆ ಓಡಿಸಿದರೆ ರಾತ್ರಿಗೆ ಏನೂ ಉಳಿಯುವುದಿಲ್ಲ. 40 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಇಂಜಿನ್ ಓಡುವಾಗ ಈ ಬ್ಯಾಟರಿ ತುಂಬಿಸುವ ಸಾಧನ) ಹಾಕಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಒಂದೂವರೆ ಗಂಟೆ ಗಾಡಿ ಓಡಿಸಿದರೆ ಮುಕ್ಕಾಲು ಯೂನಿಟ್ ತುಂಬುತ್ತದೆ, ಅಂದರೆ ರಾತ್ರಿಯ ಎರಡು ಗಂಟೆಯ ಎಸಿ. ಇನ್ನು ಸೋಲಾರ್. ಛಾವಣಿಯ ಮೇಲೆ ಎಸಿ ಕೂತ ಮೇಲೆ ಪ್ಯಾನೆಲ್ಲಿಗೆ ಉಳಿಯುವ ಜಾಗವೇ ಕಡಿಮೆ. ಉಳಿದ ಜಾಗದಲ್ಲಿ 400 ವ್ಯಾಟ್ ಹಾಕಿದರೂ ಅದು ದಿನಕ್ಕೆ 1.6ರಿಂದ 2 ಯೂನಿಟ್ ಕೊಡುವುದು ಗಾಡಿ ಬಿಸಿಲಲ್ಲಿ ನಿಂತರೆ ಮಾತ್ರ. ಮಲೆನಾಡಿಗೆ ಬಂದು ಮರದ ನೆರಳು ಬಿಟ್ಟು ಬಯಲಲ್ಲಿ ಗಾಡಿ ನಿಲ್ಲಿಸಿ, ಆ ಬಿಸಿಲಿನ ಶಾಖ ಕಳೆಯಲು ಎಸಿ ಹಾಕುವ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ.

ಹಾಕಿಸುವುದೇ ಆದರೆ 12 ವೋಲ್ಟ್ ಬಿಟ್ಟು 24 ವೋಲ್ಟಿನದು ತಗೊಳ್ಳಿ. 12 ವೋಲ್ಟಿನಲ್ಲಿ 60 ಆಂಪಿಯರ್ ಹರಿಯುತ್ತದೆ. ಬ್ಯಾಟರಿಯಿಂದ ಎಸಿಗೆ 5 ಮೀಟರ್ ದೂರವಿದ್ದು, ವೈರಿಂಗ್‌ನವರು 10 ಚದರ ಮಿ.ಮೀ. ಕೇಬಲ್ ಎಳೆದರೆ ಹೋಗಿ ಬರುವಷ್ಟರಲ್ಲಿ 1.1 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ ಅರ್ಧ ತುಂಬಿದ್ದರೂ ಎಸಿ ಲೋ ವೋಲ್ಟೇಜ್ ಎಂದು ನಿಂತುಬಿಡುತ್ತದೆ. ಜನ ಎಸಿಯನ್ನು ಬೈಯುತ್ತಾರೆ, ತಪ್ಪು ಕೇಬಲ್ಲಿನದು. 24 ವೋಲ್ಟಿನಲ್ಲಿ 16 ಚದರ ಮಿ.ಮೀ. ಕೇಬಲ್ ಹಾಕಿದರೆ ಕಳೆಯುವುದು 0.35 ವೋಲ್ಟ್ ಅಷ್ಟೇ.

ಮನೆಯ ಮುಕ್ಕಾಲು ಟನ್, ಒಂದು ಟನ್ನಿನ ಎಸಿ ಹೋಂಸ್ಟೇ ಅಂಗಳದಲ್ಲೇ ಉಳಿಯುವವರಿಗೆ ಅಗ್ಗದ ದಾರಿ. ಸ್ಪ್ಲಿಟ್ ಬೇಡ, ವಿಂಡೋ ಮಾದರಿ ಇರಲಿ. ಸ್ಪ್ಲಿಟ್ಟಿನ ತಾಮ್ರದ ಪೈಪಿನ ಜಾಯಿಂಟು ರಸ್ತೆಯ ಕುಲುಕಾಟಕ್ಕೆ ಸಡಿಲಾಗಿ ಗ್ಯಾಸ್ ಹೋಗುತ್ತದೆ. 16 ಆಂಪಿಯರ್ ಸಾಕೆಟ್ಟೇ ಕೇಳಿ, ಅರ್ತ್ ಇದೆಯೇ ಎಂದು ಮೀಟರ್ ಹಿಡಿದು ನೋಡಿ, 2.5 ಚದರ ಮಿ.ಮೀ.ನ ಮೂರೆಳೆ ಕೇಬಲ್ ಬಳಸಿ, ಸುರುಳಿ ಪೂರ್ತಿ ಬಿಚ್ಚಿ. ಸುತ್ತಿದ ಹಾಗೇ ಬಿಟ್ಟರೆ ಕೇಬಲ್ ಕಾದು ಕರಗುತ್ತದೆ. ಗುಡುಗು ಮಳೆಗೆ ಮರ ಬಿದ್ದು ಲೈನ್ ಹೋದ ಸಂಜೆ ಈ ಎಸಿಯಿಂದ ಏನೂ ಪ್ರಯೋಜನವಿಲ್ಲ.

ಈಗ ಫ್ಯಾನ್. ಕಡಿಮೆ ವೇಗದಲ್ಲಿ 1 ಆಂಪಿಯರ್ ಒಳಗೆ, ಪೂರ್ತಿ ವೇಗದಲ್ಲಿ 3-4 ಆಂಪಿಯರ್. 100 ಆಂಪಿಯರ್-ಅವರ್ ಬ್ಯಾಟರಿ ಇದ್ದರೆ ರಾತ್ರಿಯಿಡೀ ಹಾಕಿದರೂ ಚಿಂತೆಯಿಲ್ಲ. ಟ್ರಾವೆಲರ್ ಒಳಗಿನ ಗಾಳಿ ಸುಮಾರು 500 ಘನ ಅಡಿ. 900 ಸಿಎಫ್ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಂದು ಬರೆದಿರುವ ಫ್ಯಾನ್, ಸೊಳ್ಳೆ ಪರದೆ, ಕಿಟಕಿಯ ಅಡ್ಡಿ ಎಲ್ಲ ಕಳೆದು ನಿಮಿಷಕ್ಕೊಂದು ಸಲ ಗಾಡಿಯ ಗಾಳಿಯನ್ನು ಪೂರ್ತಿ ಬದಲಿಸುತ್ತದೆ. ಹೊರಗಿನ ಗಾಳಿಗಿಂತ ತಂಪು ಮಾಡಲು ಅದಕ್ಕಾಗದು. ಏಪ್ರಿಲ್ ಮಧ್ಯಾಹ್ನ ಒಳಗೆ ಹೊರಗಿಗಿಂತ 2-3 ಡಿಗ್ರಿ ಹೆಚ್ಚೇ ಇರುತ್ತದೆ. ಆದರೆ ಮಲೆನಾಡಿನ ರಾತ್ರಿ ತಾನಾಗಿಯೇ ತಂಪು. ಕತ್ತಲಾಗುತ್ತಲೇ ಅರ್ಧ ಗಂಟೆ ಪೂರ್ತಿ ವೇಗದಲ್ಲಿ ಓಡಿಸಿ, ಹಾಸಿಗೆ, ಕಪಾಟು ಹಿಡಿದಿಟ್ಟುಕೊಂಡ ಕಾವು ಕಳೆದರೆ ಮಲಗುವ ಹೊತ್ತಿಗೆ ಸಣ್ಣ ವೇಗ ಸಾಕು. ಫ್ಯಾನ್ ಹಿಂದೆ ಇರಲಿ, ತೆರೆಯುವ ಕಿಟಕಿ ಮುಂದೆ, ನೆರಳಿನ ಬದಿಗೆ, ಕೆಳಮಟ್ಟದಲ್ಲಿ ಇರಲಿ. ಪರದೆ ಗಾಳಿಯನ್ನು ಅರ್ಧಕ್ಕರ್ಧ ತಡೆಯುತ್ತದಾದ್ದರಿಂದ ಕಿಟಕಿಯ ತೆರೆದ ಜಾಗ ಫ್ಯಾನಿನ ಎರಡರಷ್ಟಾದರೂ ಇರಬೇಕು. ಇಲ್ಲದಿದ್ದರೆ ಫ್ಯಾನ್ ನೆಲದ ಸಂದಿಗಳಿಂದ ಇಂಜಿನ್ ಕಾವು, ರಸ್ತೆ ದೂಳು ಎಳೆದುಕೊಳ್ಳುತ್ತದೆ.

ಕಾಡುವುದು ಒಂದೇ ಒಂದು, ಛಾವಣಿಯ ತೂತು. ಬೇರೆ ಊರಿನಲ್ಲಿ ಇದು ಸಣ್ಣ ವಿಷಯ. ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಹೊಯ್ಯುವ ಆಗುಂಬೆ ಸೀಮೆಯಲ್ಲಿ ಗಾಡಿಯ ಆಯುಷ್ಯವೇ ಇದರ ಮೇಲಿದೆ. ವ್ಯಾನಿನ ಛಾವಣಿಯ ತಗಡು ಸಪಾಟಾಗಿರುವುದಿಲ್ಲ, ಉಬ್ಬು ತಗ್ಗಿನ ಗೆರೆ ಇರುತ್ತದೆ. ಫ್ಯಾನಿನ ಚೌಕಟ್ಟು ಸಪಾಟು. ಅದು ಉಬ್ಬಿನ ಮೇಲೆ ಕೂತು ತಗ್ಗಿನಲ್ಲಿ ಸಂದಿ ಬಿಡುತ್ತದೆ. ಆ ಸಂದಿಗೆ ಸಿಲಿಕಾನ್ ತುಂಬಿ ಕಳಿಸುವುದು ವರ್ಕ್‌ಶಾಪಿನವರ ರೂಢಿ. ಬೇಸಿಗೆಯಲ್ಲಿ ಎಲ್ಲ ಸರಿ ಕಾಣುತ್ತದೆ. ತಗಡು ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಸಿಲಿಕಾನ್ ಅಂಚು ಕೂದಲೆಳೆಯಷ್ಟು ಬಿಡುತ್ತದೆ. ಜೂನ್ ಜಡಿಮಳೆಗೆ ನೀರು ಅಲ್ಲಿಂದ ಇಳಿಯುತ್ತದೆ. ಇಳಿದ ನೀರು ತೂತಿನ ಕೆಳಗೇ ಹನಿದರೆ ಕಣ್ಣಿಗಾದರೂ ಬೀಳುತ್ತಿತ್ತು. ಅದು ರಬ್ಬರ್ ಶೀಟಿನ ಹಿಂದೆ ಹರಿದುಕೊಂಡು ಹೋಗಿ ಎಲ್ಲೋ ಕಿಟಕಿ ಕಂಬದ ಬುಡದಲ್ಲಿ ಹೊರಬರುತ್ತದೆ. ಜನ ಕಿಟಕಿ ಬೀಡಿಂಗ್ ಬದಲಿಸುತ್ತಾ ಕೂರುತ್ತಾರೆ. ಮೇಲೆ ಮತ್ತೆ ಸಿಲಿಕಾನ್ ಬಳಿದರೂ ನಿಲ್ಲದು, ಯಾಕೆಂದರೆ ಹಳೆ ಸಿಲಿಕಾನ್ ಮೇಲೆ ಯಾವುದೂ ಅಂಟುವುದಿಲ್ಲ, ಹೊಸ ಸಿಲಿಕಾನ್ ಕೂಡ.

ಸರಿಯಾದ ಕ್ರಮ ಹೀಗೆ. ಒಳಗಿನ ಸೀಲಿಂಗ್ ಬಿಚ್ಚಿ ಅಡ್ಡಪಟ್ಟಿಗಳು ಎಲ್ಲಿವೆ ನೋಡಿ, ಎರಡು ಪಟ್ಟಿಯ ನಡುವೆ ಗುರುತು ಹಾಕಿ. ಪಟ್ಟಿ ಕೊಯ್ಯಲೇಬಾರದು. ಅಳತೆ 356 ಮಿ.ಮೀ. ಚೌಕ. ನಾಲ್ಕು ಮೂಲೆಗೆ 10 ಮಿ.ಮೀ. ತೂತು ಕೊರೆದು, ಇಂಚಿಗೆ 24 ಹಲ್ಲಿನ ಬ್ಲೇಡು ಹಾಕಿದ ಜಿಗ್‌ಸಾದಲ್ಲಿ ಕೊಯ್ಯಿರಿ. ಕಬ್ಬಿಣದ ಪುಡಿ ಛಾವಣಿಯ ಮೇಲೆ ಒಂದು ಚೂರೂ ಉಳಿಯಬಾರದು, ಒಂದೇ ಮಳೆಗೆ ಅಲ್ಲಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ಅಂಚನ್ನು ಅರದಿಂದ ಉಜ್ಜಿ, ಜಿಂಕ್ ಪ್ರೈಮರ್ ಎರಡು ಕೋಟ್, ಮೇಲೆ ಬಣ್ಣ, ಒಂದು ರಾತ್ರಿ ಒಣಗಲು ಬಿಡಿ. ಆಮೇಲೆ ಮುಖ್ಯವಾದದ್ದು, ಫೈಬರ್ ಚೌಕಟ್ಟು. ಛಾವಣಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆಯೇ ಫೈಬರ್ ಮ್ಯಾಟ್ ಮತ್ತು ರೆಸಿನ್ ಹಾಕಿ ಅಚ್ಚು ತೆಗೆದರೆ ಕೆಳಬದಿ ಉಬ್ಬುತಗ್ಗಿಗೆ ಸರಿಯಾಗಿ ಕೂರುತ್ತದೆ, ಮೇಲ್ಬದಿ ಸಪಾಟಾಗುತ್ತದೆ. ಫೈಬರ್ ಕೆಲಸದವರು ಯಾರಾದರೂ ಮಾಡಿಕೊಡುತ್ತಾರೆ.

ಚೌಕಟ್ಟಿನ ಕೆಳಗೂ ಮೇಲೂ 3 ಮಿ.ಮೀ. ಬ್ಯೂಟೈಲ್ ಟೇಪು (ಮೆತ್ತಗೆ ಅಂಟುವ ರಬ್ಬರ್ ಪಟ್ಟಿ), ತಗ್ಗಿನಲ್ಲಿ ಎರಡು ಪದರ. 10-12 ಸೆಂ.ಮೀ.ಗೊಂದು ಸ್ಟೀಲ್ ಸ್ಕ್ರೂ, ಎದುರುಬದುರಾಗಿ ಬಿಗಿಯುತ್ತಾ ಬನ್ನಿ. ಮೊದಲ ದಿನ ಪೂರ್ತಿ ಬಿಗಿಯಬೇಡಿ. ಮರುದಿನ ಬಿಸಿಲಿಗೆ ಟೇಪು ಮೆತ್ತಗಾದ ಮೇಲೆ ಇನ್ನೊಂದು ಸುತ್ತು ಬಿಗಿದರೆ ಟೇಪು ಸುತ್ತಲೂ ಒಂದೇ ಸಮ ಹೊರಗೆ ಉಕ್ಕುತ್ತದೆ. ಎಲ್ಲಾದರೂ ಉಕ್ಕದಿದ್ದರೆ ಸಂದಿ ಇರುವುದು ಅಲ್ಲೇ. ಉಕ್ಕಿದ್ದನ್ನು ಕತ್ತರಿಸಿ, ಅಂಚಿಗೆ ಮತ್ತು ಪ್ರತಿ ಸ್ಕ್ರೂ ತಲೆಗೆ ಪಾಲಿಯುರೆಥೇನ್ ಸೀಲಂಟ್ ಕೊಡಿ. ಅದು ಒಣಗಿದ ಮೇಲೆ ಪೈಪ್ ಹಿಡಿದು ಕಾಲು ಗಂಟೆ ನೀರು ಬಿಡಿ. ಸೀಲಿಂಗ್ ಹಲಗೆಯನ್ನು ಒಂದೆರಡು ಜೋರು ಮಳೆ ಕಳೆಯುವ ತನಕ ಮುಚ್ಚಬೇಡಿ. ಛಾವಣಿ ಕೊಯ್ಯುವ ಮೊದಲು ಆರ್‌ಟಿಒದಲ್ಲಿ ಒಂದು ಮಾತು ಕೇಳಿಕೊಳ್ಳುವುದೂ ಒಳ್ಳೆಯದು.

ಫ್ಯಾನ್ ಆರಿಸುವಾಗ ಮೇಲೆ ಮಳೆ ಮುಚ್ಚಳ ಇರುವುದನ್ನೇ ತಗೊಳ್ಳಿ, ದುಡ್ಡು ಹೆಚ್ಚಾದರೂ ಸರಿ. ನಮ್ಮಲ್ಲಿ ಬೇಸಿಗೆ ಮಳೆ ಬರುವುದು ಸಂಜೆ ನಾಲ್ಕರ ಮೇಲೆ, ಸೆಕೆ ನೆತ್ತಿಗೇರಿದ ಹೊತ್ತಿಗೇ. ಸಾದಾ ಮುಚ್ಚಳದ ಫ್ಯಾನನ್ನು ಆಗ ಮುಚ್ಚಲೇಬೇಕು. ಇರಚಲು ತಡೆಯುವ ಮುಚ್ಚಳವಿದ್ದರೆ ಮಳೆಯಲ್ಲೂ ಓಡುತ್ತದೆ. ಮೊದಲ ಮಳೆಯ ಸಂಜೆ ಏಳುವ ಮಳೆಹುಳು ಗಾಳಿಯ ಸೆಳೆತಕ್ಕೆ ಕಿಟಕಿ ಪರದೆಗೆ ಮೆತ್ತಿಕೊಂಡು ಗಾಳಿ ಕಟ್ಟುತ್ತದೆ. ಒಳಗಿನ ದೀಪ ಆರಿಸಿ, ಬ್ರಶ್ಶಿನಲ್ಲಿ ಪರದೆ ಗುಡಿಸಿದರಾಯಿತು.

ನೆಟ್ ಅಂದರೆ ನರ್ಸರಿಯಲ್ಲಿ ಕಟ್ಟುವ ಶೇ. 75ರ ನೆರಳು ನೆಟ್ಟೇ. ಅದನ್ನು ಛಾವಣಿಗೆ ತಾಗಿಸದೆ ಒಂದು ಗೇಣು ಎತ್ತರಕ್ಕೆ ಕಟ್ಟಿ, ನಡುವೆ ಗಾಳಿ ಓಡಾಡಬೇಕು. ಕಂಬಕ್ಕೆ ಕಟ್ಟಿ, ಮಾವಿನ ಕೊಂಬೆಗೆ ಬೇಡ, ಹಗ್ಗದ ಮೇಲೆ ಚಗಳಿ (ಮರದ ಕೆಂಪಿರುವೆ) ಇಳಿದು ಬರುತ್ತದೆ. ತೆಂಗು, ಅಡಿಕೆಯ ಕೆಳಗೂ ನಿಲ್ಲಿಸಬೇಡಿ, ಹಾಳೆ ಸಮೇತ ಬೀಳುವ ಸೋಗೆಗೆ ಫ್ಯಾನ್ ಮುಚ್ಚಳ ಒಡೆಯುತ್ತದೆ. ಹಲಸಿನ ನೆರಳು ದಟ್ಟ, ಆದರೆ ಮೇ ತಿಂಗಳಲ್ಲಿ ಹಣ್ಣು ಎಲ್ಲಿ ತೂಗಿದೆ ನೋಡಿಕೊಳ್ಳಿ. ಮುಂದಿನ ಗಾಜು ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಮುಖ ಮಾಡಿರಲಿ, ಅದಕ್ಕೆ ಹೊದಿಕೆ ಹೊರಗಿನಿಂದ ಹಾಕಿ. ಒಳಗಿನಿಂದ ಹಾಕಿದರೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ.

ನನ್ನ ಓಡಾಟದಲ್ಲಿ ಮಧ್ಯಾಹ್ನ ಗಾಡಿಯೊಳಗೆ ಕೂರುವುದಿಲ್ಲ, ಹೊಳೆ ಬದಿಯಲ್ಲೋ ಮರದ ಕೆಳಗೋ ಇರುತ್ತೇನೆ. ಅಡುಗೆ ಹೊರಗೆ. ಗಾಡಿ ಬೇಕಾಗುವುದು ರಾತ್ರಿ ನಿದ್ದೆಗೆ. ಇನ್ಸುಲೇಶನ್, ಫ್ಯಾನ್, ನೆಟ್ ಸೇರಿ ನನ್ನ ಮಿತಿ 50 ಸಾವಿರ. ಡಿಸಿ ಎಸಿಯ ಬ್ಯಾಟರಿ ಒಂದಕ್ಕೇ ಆ ದುಡ್ಡು ಸಾಲುವುದು ಕಷ್ಟ. ಹಸುಗೂಸು, ವಯಸ್ಸಾದವರು ಜೊತೆಗಿದ್ದು ಏಪ್ರಿಲ್ ಮಧ್ಯಾಹ್ನ ಗಾಡಿಯೊಳಗೇ ಮಲಗಬೇಕಾದರೆ, ಅಥವಾ ಊರು ಶಿವಮೊಗ್ಗದಿಂದ ಪೂರ್ವಕ್ಕೆ ಬಯಲುಸೀಮೆ ಕಡೆಗಿದ್ದರೆ ಎಸಿಯೇ ಸರಿ, ಅವರಿಗೆ ಫ್ಯಾನ್ ಸಾಲದು. ಈಗ ಫ್ಯಾನ್ ಹಾಕಿ, ಮುಂದೆಂದಾದರೂ ಎಸಿಗೆ ಹೋಗೋಣ ಎನ್ನುವವರಿಗೂ ದಾರಿ ಇದೆ. ಆರ್‌ವಿಗೆಂದೇ (ಇಂಥ ವಾಸದ ಗಾಡಿಗಳಿಗೆಂದೇ) ಮಾಡಿದ ಹೆಚ್ಚಿನ ರೂಫ್ ಎಸಿಗಳು ಕೇಳುವುದೂ ಇದೇ 14 ಇಂಚಿನ ಚೌಕ. ಟ್ರಕ್ಕಿನ ಎಸಿಗಳ ಅಳತೆ ಬೇರೆ ಇರುತ್ತದೆ. ಹಾಗಾಗಿ ತೂತು ಕೊಯ್ಯುವ ದಿನವೇ, ಕೊಳ್ಳಬೇಕೆಂದಿರುವ ಎಸಿಯ ಉದ್ದ ಅಗಲ ಬರೆದುಕೊಂಡು ಅದರ ಸುತ್ತ ಅಷ್ಟು ಜಾಗ ಖಾಲಿ ಬಿಡಿ, ಸೋಲಾರ್ ಪ್ಯಾನೆಲ್ ಅದರಾಚೆಗೆ ಕೂರಲಿ, 16 ಚದರ ಮಿ.ಮೀ. ಕೇಬಲ್ಲನ್ನು ಸೀಲಿಂಗ್ ಮುಚ್ಚುವ ಮೊದಲೇ ಎಳೆದಿಡಿ.